ಚಿಕ್ಕ ಫೋನು ಮತ್ತು ಇನ್ನೊಂದು ಕೈ

(ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಮಾತಿನ ಧಾಟಿ ಹಾಗೇ ಉಳಿಸಿಕೊಂಡಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಿಮ್ಮ ನಿಮ್ಮ ಫೋನು ಕೈಗೆ ತಗೊಳ್ಳಿ. ಒಂದೇ ಕೈಯಲ್ಲಿ. ಯಾರಿಗೋ ಮೆಸೇಜ್ ಬರೆಯುವಾಗ ಹೇಗೆ ಹಿಡಿಯುತ್ತೀರೋ ಹಾಗೇ ಹಿಡಿಯಿರಿ. ಈಗ ಸ್ಕ್ರೀನ್ ನೋಡಬೇಡಿ, ಕಿರುಬೆರಳು ನೋಡಿ. ಎಲ್ಲಿದೆ ಅದು? ಇಲ್ಲಿಂದ ನೋಡಿದರೆ ಮುಕ್ಕಾಲು ಪಾಲು ಜನರ ಕಿರುಬೆರಳು ಫೋನಿನ ಕೆಳಗೆ ಹೋಗಿ ಕೂತಿದೆ. ಫೋನು ಜಾರದ ಹಾಗೆ ಕೆಳಗಿನಿಂದ ಆಸರೆ ಕೊಟ್ಟಿದೆ. ಹೀಗೆ ಹಿಡಿಯಿರಿ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ ಅಲ್ವಾ? ಫೋನು ದೊಡ್ಡದಾಗುತ್ತಾ ಬಂದ ಹಾಗೆ ಕೈ ತಾನೇ ಕಂಡುಕೊಂಡ ಉಪಾಯ ಇದು.

ಈಗ ಹೆಬ್ಬೆರಳನ್ನು ಎದುರು ಮೂಲೆಗೆ ಚಾಚಿ. ಬಲಗೈಯಲ್ಲಿ ಹಿಡಿದಿದ್ದರೆ ಎಡಗಡೆ ಮೇಲಿನ ಮೂಲೆ. ಮೆಲ್ಲಗೆ, ಬೀಳಿಸಬೇಡಿ. ಚಾಚುವಾಗ ಏನಾಯಿತು ಗಮನಿಸಿದಿರಾ? ಅಂಗೈ ಫೋನನ್ನು ಬಿಟ್ಟಿತು. ಎರಡು ಮೂರು ಬೆರಳ ತುದಿಯ ಮೇಲೆ ಫೋನು ನಿಂತಿದೆ. ಅದರ ಭಾರವೆಲ್ಲ ಕೈಗಿಂತ ಮೇಲಿದೆ. ಫೋನುಗಳು ಕೈಜಾರುವ ಕ್ಷಣ ಇದೇ. ಕೆಲವರು ಆಗಲೇ ಇನ್ನೊಂದು ಕೈ ತಂದು ಹಿಡಿದುಕೊಂಡಿರಿ, ನೋಡಿದೆ.

ನಾನು ಇವತ್ತು ಮಾತಾಡಬೇಕು ಅಂತ ಬಂದಿರುವುದು ಆ ಇನ್ನೊಂದು ಕೈಯ ಬಗ್ಗೆ.

ನನಗೆ ಇದು ಅರ್ಥವಾದ ರಾತ್ರಿ ಚೆನ್ನಾಗಿ ನೆನಪಿದೆ. ಮಗಳಿಗೆ ಆಗ ಒಂದೂವರೆ ವರ್ಷ. ಜ್ವರ. ಎತ್ತಿಕೊಂಡರೆ ಮಾತ್ರ ಸುಮ್ಮನಿರುತ್ತಿದ್ದಳು, ಇಳಿಸಿದರೆ ಅಳು. ಎಡಗೈ ಪೂರ್ತಿ ಅವಳದ್ದಾಯಿತು. ಬಲಗೈಯಲ್ಲಿ ಫೋನು. ಅದಕ್ಕೆ ಒಂದು ವಾರದ ಹಿಂದೆ ಹಳೇ ಚಿಕ್ಕ ಫೋನು ಬಿಟ್ಟು ಹೊಸ ದೊಡ್ಡ ಫೋನು ತಗೊಂಡಿದ್ದೆ. ಡಾಕ್ಟರ ನಂಬರ್ ಹುಡುಕಬೇಕು. ಹುಡುಕುವ ಗುರುತು ಸ್ಕ್ರೀನಿನ ಮೇಲ್ತುದಿಯಲ್ಲಿದೆ. ಹೆಬ್ಬೆರಳು ಅಲ್ಲಿಗೆ ಹೋಗುತ್ತಿಲ್ಲ. ಗೋಡೆಗೆ ಒರಗಿ, ಫೋನನ್ನು ಮೊಣಕಾಲಿಗೆ ಒತ್ತಿಟ್ಟುಕೊಂಡು ಕೊನೆಗೆ ನಂಬರ್ ಒತ್ತಿದೆ. ಮಗು ಹುಷಾರಾಯಿತು, ಅದು ಬೇರೆ ಮಾತು. ಹಳೇ ಫೋನಿನಲ್ಲಿ ಇದೇ ಕೆಲಸವನ್ನು ಕಣ್ಣು ಮುಚ್ಚಿ ಮಾಡುತ್ತಿದ್ದೆ. ಹೊಸದು ಎಲ್ಲಾ ಲೆಕ್ಕದಲ್ಲೂ ಅದಕ್ಕಿಂತ ಒಳ್ಳೆಯ ಫೋನು. ಆದರೆ ನನ್ನ ಎರಡೂ ಕೈ ಬಿಡುವಾಗಿವೆ ಅಂತ ಅದು ಅಂದುಕೊಂಡಿತ್ತು.

ಎಷ್ಟು ಹೊತ್ತು ನಮ್ಮ ಎರಡೂ ಕೈ ಬಿಡುವಾಗಿರುತ್ತವೆ ಹೇಳಿ. ಒಂದು ಕೈಯಲ್ಲಿ ಚೀಲ ಇರುತ್ತದೆ. ಕೊಡೆ ಇರುತ್ತದೆ. ಬಸ್ಸಿನ ಕಂಬಿ ಇರುತ್ತದೆ. ವಯಸ್ಸಾದವರ ಕೈ ಹಿಡಿದಿರುತ್ತೇವೆ. ಅಮೆರಿಕದ ಸ್ಟೀವನ್ ಹೂಬರ್ ಅನ್ನುವ ವಿನ್ಯಾಸಕಾರ 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬೀದಿಯಲ್ಲಿ, ನಿಲ್ದಾಣಗಳಲ್ಲಿ, ರೈಲಿನಲ್ಲಿ ಜನ ಫೋನನ್ನು ನಿಜವಾಗಿ ಹೇಗೆ ಹಿಡಿಯುತ್ತಾರೆ ಅಂತ ನೋಡಿ ಬರೆದುಕೊಂಡ ಲೆಕ್ಕ ಅದು. ಸ್ಕ್ರೀನ್ ಮುಟ್ಟಿ ಬಳಸುತ್ತಿದ್ದವರಲ್ಲಿ ಶೇಕಡಾ 49ರಷ್ಟು ಜನ ಒಂದೇ ಕೈಯಲ್ಲಿ ಬಳಸುತ್ತಿದ್ದರು. ಹೆಚ್ಚುಕಡಿಮೆ ಅರ್ಧ! ಆಮೇಲೆ ಫೋನು ದೊಡ್ಡದಾಯಿತು. ನಮ್ಮ ಬದುಕಿನ ಚೀಲ, ಕೊಡೆ, ಮಗು ಯಾವುದೂ ಕಡಿಮೆ ಆಗಲಿಲ್ಲ.

ಸ್ವಲ್ಪ ಹಿಂದಕ್ಕೆ ಹೋಗೋಣ. 2007ರಲ್ಲಿ ಬಂದ ಮೊದಲ ಐಫೋನ್ ಸ್ಕ್ರೀನು ಮೂರೂವರೆ ಇಂಚು. ಆಗ ಅದೇ ದೊಡ್ಡದು ಅನಿಸಿತ್ತು. 2010ರ ಜುಲೈನಲ್ಲಿ ಸ್ಟೀವ್ ಜಾಬ್ಸ್ ಪತ್ರಕರ್ತರ ಎದುರು ದೊಡ್ಡ ಫೋನುಗಳ ಬಗ್ಗೆ ಮಾತಾಡಿದರು. ಕೈ ಅದರ ಸುತ್ತ ಹಿಡಿಯುವುದಿಲ್ಲ, ಯಾರೂ ಕೊಳ್ಳುವುದಿಲ್ಲ ಅನ್ನುವ ಅರ್ಥದ ಮಾತು. ಮರುವರ್ಷವೇ ಸ್ಯಾಮ್‌ಸಂಗ್ 5.3 ಇಂಚಿನ ಗ್ಯಾಲಕ್ಸಿ ನೋಟ್ ತಂದಿತು. ಕಿವಿಗಿಟ್ಟುಕೊಂಡರೆ ಮುಖವೇ ಮುಚ್ಚಿಹೋಗುತ್ತದೆ ಅಂತ ಜನ ನಕ್ಕರು. ನಕ್ಕವರಲ್ಲಿ ತುಂಬಾ ಜನ ಆಮೇಲೆ ಅದಕ್ಕಿಂತ ದೊಡ್ಡದನ್ನೇ ಕೊಂಡರು. ಜಾಬ್ಸ್ ಮಾತಿನ ಎರಡನೇ ಭಾಗ ತಪ್ಪಾಯಿತು. ಮೊದಲ ಭಾಗ ಈಗಲೂ ನಿಜ.

2012ರ ಐಫೋನ್ 5 ನನಗೆ ತುಂಬಾ ಇಷ್ಟವಾಗುವ ಉದಾಹರಣೆ. ಸ್ಕ್ರೀನನ್ನು ನಾಲ್ಕು ಇಂಚಿಗೆ ಏರಿಸಿದರು. ಆದರೆ ಫೋನಿನ ಅಗಲ ಮುಟ್ಟಲಿಲ್ಲ. ಐಫೋನ್ 4 ಎಷ್ಟು ಅಗಲವಿತ್ತೋ ಅಷ್ಟೇ, 58.6 ಮಿಲಿಮೀಟರ್. ಬರೀ ಉದ್ದ ಹೆಚ್ಚಿಸಿದರು. ತೂಕ 112 ಗ್ರಾಂ. ಹೆಬ್ಬೆರಳಿಗೆ ಎಟುಕಬೇಕು ಅನ್ನುವುದನ್ನು ಜಾಹೀರಾತಿನಲ್ಲೇ ಹೇಳಿಕೊಂಡರು. ಎರಡೇ ವರ್ಷ. 2014ರಲ್ಲಿ ಐಫೋನ್ 6 ಪ್ಲಸ್ ಬಂತು. ಸ್ಕ್ರೀನು 5.5 ಇಂಚು, ಅಗಲ 77.8 ಮಿಲಿಮೀಟರ್. ಅದರ ಜೊತೆಗೆ ಇನ್ನೊಂದು ಸೌಲಭ್ಯವೂ ಬಂತು. ಹೋಮ್ ಬಟನ್ ಎರಡು ಸಲ ಮೆಲ್ಲಗೆ ಮುಟ್ಟಿದರೆ ಇಡೀ ಸ್ಕ್ರೀನು ಅರ್ಧದವರೆಗೆ ಕೆಳಗೆ ಜಾರಿ ಬರುತ್ತದೆ. ಇದು ನನ್ನನ್ನು ತುಂಬಾ ದಿನ ಕಾಡಿದೆ. ಕೈ ಮುಟ್ಟುವುದಿಲ್ಲ ಅನ್ನುವುದು ಮಾಡಿದವರಿಗೆ ಮೊದಲ ದಿನವೇ ಗೊತ್ತಿತ್ತು. ಗೊತ್ತಿದ್ದೇ ಮಾಡಿದರು, ಜೊತೆಗೆ ಒಂದು ಊರುಗೋಲನ್ನೂ ಕೊಟ್ಟರು.

ಊರುಗೋಲುಗಳು ಆಮೇಲೂ ಬಂದವು. ಸ್ಯಾಮ್‌ಸಂಗ್ 2018ರ ಕೊನೆಗೆ ತೋರಿಸಿದ ಒನ್ ಯುಐ ಅನ್ನುವ ತನ್ನ ಫೋನಿನ ತಂತ್ರಾಂಶದಲ್ಲಿ ಒತ್ತುವ ಜಾಗಗಳನ್ನು ಆದಷ್ಟು ಸ್ಕ್ರೀನಿನ ಕೆಳಗಿನ ಅರ್ಧಕ್ಕೆ ತಂದರು. 2021ರಲ್ಲಿ ಆಂಡ್ರಾಯ್ಡ್ 12ಕ್ಕೆ ಒಂದು ಕೈಯ ಬಳಕೆಯ ಸೌಲಭ್ಯ ಸೇರಿತು. ಅದೇ ವರ್ಷ ಐಫೋನಿನ ಬ್ರೌಸರ್ ಸಫಾರಿಯಲ್ಲಿ ವೆಬ್ ವಿಳಾಸ ಬರೆಯುವ ಪಟ್ಟಿ ಮೇಲಿನಿಂದ ಕೆಳಗೆ ಬಂತು. ಇವೆಲ್ಲ ಒಳ್ಳೆಯ ಕೆಲಸಗಳೇ. ಅದನ್ನು ಮಾಡಿದವರ ಮೇಲೆ ನನಗೆ ಗೌರವವಿದೆ. ಆದರೆ ತಂತ್ರಾಂಶ ಫೋನಿನ ಅಗಲ ಕಡಿಮೆ ಮಾಡಲಾರದು, ತೂಕವನ್ನೂ ಇಳಿಸಲಾರದು.

ಹಾಗಾದರೆ ಚಿಕ್ಕ ಫೋನು ಯಾಕೆ ಮಾಡುವುದಿಲ್ಲ? ಜನಕ್ಕೆ ಬೇಡ, ಅಷ್ಟೇ, ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಅದು ಅರ್ಧ ಉತ್ತರ. ನಿಜವಾದ ಕಷ್ಟ ಒಳಗಿದೆ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಫೋನು ಅಂದರೆ ಒಂದು ಮನೆ ಅಂದುಕೊಳ್ಳಿ. ಅಡುಗೆಮನೆ, ಬಚ್ಚಲು, ಮೆಟ್ಟಿಲು ಇವಕ್ಕೆಲ್ಲ ಇಷ್ಟು ಅಂತ ಜಾಗ ಬೇಕೇ ಬೇಕು. ಮನೆ ದೊಡ್ಡದಾದರೂ ಅಷ್ಟೇ, ಚಿಕ್ಕದಾದರೂ ಅಷ್ಟೇ. ನಿವೇಶನ ಸ್ವಲ್ಪ ಚಿಕ್ಕದಾದರೆ ಕಡಿತ ಎಲ್ಲಾ ಹಾಲ್‌ಗೇ ಬೀಳುತ್ತದೆ. ಫೋನಿನಲ್ಲಿ ಚಿಪ್ಪು, ಕ್ಯಾಮೆರಾ, ಸ್ಪೀಕರ್, ಸಿಮ್ ಜಾಗ, ಕಂಪಿಸುವ ಮೋಟಾರು, ಆಂಟೆನಾಗಳು ಇವೆಲ್ಲ ಅಡುಗೆಮನೆ ಬಚ್ಚಲಿನ ಹಾಗೆ. ಹಾಲ್ ಅಂದರೆ ಬ್ಯಾಟರಿ. ಫೋನಿನ ಅಳತೆ ಸ್ವಲ್ಪ ಇಳಿದರೆ ಬ್ಯಾಟರಿ ತುಂಬಾ ಇಳಿಯುತ್ತದೆ. ಚಿಕ್ಕ ಸ್ಕ್ರೀನು ಕಡಿಮೆ ಕರೆಂಟು ತಿನ್ನುತ್ತದೆ, ಅದು ನಿಜ. ಆದರೆ ಚಿಪ್ಪು, ನೆಟ್‌ವರ್ಕ್ ಹುಡುಕುವ ಮೋಡೆಮ್ಮು ಫೋನು ಚಿಕ್ಕದು ಅಂತ ಕಡಿಮೆ ತಿನ್ನುವುದಿಲ್ಲ.

ಇದನ್ನು ಅಂಕಿಯಲ್ಲೇ ನೋಡಬಹುದು. 2021ರ ಐಫೋನ್ 13 ಸಾಲಿನಲ್ಲಿ ನಾಲ್ಕು ಫೋನಿಗೂ ಎ15 ಚಿಪ್ಪೇ. ತುಂಬಿದ ಬ್ಯಾಟರಿಯಲ್ಲಿ ವಿಡಿಯೊ ಎಷ್ಟು ಹೊತ್ತು ಓಡುತ್ತದೆ ಅಂತ ಆಪಲ್ ಕೊಟ್ಟ ಲೆಕ್ಕ ಹೀಗಿದೆ: 5.4 ಇಂಚಿನ ಮಿನಿಯಲ್ಲಿ 17 ಗಂಟೆ, 6.7 ಇಂಚಿನ ಪ್ರೊ ಮ್ಯಾಕ್ಸ್‌ನಲ್ಲಿ 28 ಗಂಟೆ. ಅಂಗಡಿಯಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟರೆ, ಮಧ್ಯಾಹ್ನಕ್ಕೇ ಚಾರ್ಜ್ ಮುಗಿದು ಬೇಸತ್ತವರು ಯಾವುದನ್ನು ತೆಗೆದುಕೊಳ್ಳುತ್ತಾರೆ? ನಾನಾದರೂ ಯೋಚಿಸುತ್ತೇನೆ.

ಬಿಸಿಯ ಕಷ್ಟವೂ ಇದೆ. ಚಿಪ್ಪಿನ ಕಾವು ಹೊರಗೆ ಹೋಗಲು ಅಗಲವಾದ ಬೆನ್ನು ಬೇಕು. ಕ್ಯಾಮೆರಾದ ಸೆನ್ಸರು ವರ್ಷ ವರ್ಷ ದೊಡ್ಡದಾಗುತ್ತಿದೆ, ಅದಕ್ಕೆ ಆಳ ಬೇಕು. ಇನ್ನು ದುಡ್ಡಿನ ಲೆಕ್ಕ. ಚಿಕ್ಕ ಫೋನು ಮಾಡುವುದಕ್ಕೆ ಖರ್ಚು ಚಿಕ್ಕದಾಗುವುದಿಲ್ಲ. ಅದೇ ಚಿಪ್ಪು, ಅದೇ ಕ್ಯಾಮೆರಾ, ಬೇರೆಯದೇ ಅಚ್ಚು. ಆದರೆ ಕೊಳ್ಳುವವರು ಚಿಕ್ಕದು ಅಂದ ಕೂಡಲೇ ಅಗ್ಗ ಇರಬೇಕು ಅಂದುಕೊಳ್ಳುತ್ತಾರೆ.

ಹಾಗೆ ಅಂದುಕೊಳ್ಳುವುದನ್ನು ಕಲಿಸಿದ್ದೂ ಕಂಪನಿಗಳೇ. 2013ರ ಗ್ಯಾಲಕ್ಸಿ ಎಸ್4ಗೆ 13 ಮೆಗಾಪಿಕ್ಸೆಲ್ ಕ್ಯಾಮೆರಾ. ಅದೇ ವರ್ಷದ ಎಸ್4 ಮಿನಿಗೆ 8. ಚಿಪ್ಪೂ ಕೆಳದರ್ಜೆಯದು. ಹೆಸರು ಮಾತ್ರ ಒಂದೇ. ಹೀಗೆ ವರ್ಷಗಟ್ಟಲೆ ಮಿನಿ ಅಂದರೆ ಕಳಪೆ ಅಂತ ಜನರ ತಲೆಗೆ ತುಂಬಿದರು. ಇದಕ್ಕೆ ಎದುರು ನಿಂತದ್ದು ಸೋನಿ. 2014ರ ಶುರುವಿನಲ್ಲಿ ತೋರಿಸಿದ ಎಕ್ಸ್‌ಪೀರಿಯಾ ಝಡ್1 ಕಾಂಪ್ಯಾಕ್ಟ್ 4.3 ಇಂಚಿನದು. ದೊಡ್ಡ ಝಡ್1ನಲ್ಲಿದ್ದ ಸ್ನ್ಯಾಪ್‌ಡ್ರ್ಯಾಗನ್ 800 ಚಿಪ್ಪೇ ಇದರಲ್ಲೂ. ಅದೇ 20.7 ಮೆಗಾಪಿಕ್ಸೆಲ್ ಕ್ಯಾಮೆರಾ. ಚಿಪ್ಪು, ಕ್ಯಾಮೆರಾ ಕಡಿಮೆ ಮಾಡದೆ ಅಳತೆ ಕಡಿಮೆ ಮಾಡಿದ್ದರು. ಆ ಫೋನನ್ನು ಕೈಯಲ್ಲಿ ಹಿಡಿದವರಿಗೆ ಅದರ ಖುಷಿ ಗೊತ್ತು. ಆ ಸಾಲು 2018ರ ಎಕ್ಸ್‌ಝಡ್2 ಕಾಂಪ್ಯಾಕ್ಟ್‌ಗೆ ನಿಂತುಹೋಯಿತು.

ಈಗ ಐಫೋನ್ ಮಿನಿಯ ಕತೆ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಚಿಕ್ಕ ಫೋನು ಓಡಲ್ಲ ಅನ್ನುವ ಎಲ್ಲರೂ ಸಾಕ್ಷಿಗೆ ಕರೆಯುವುದು ಇದನ್ನೇ.

12 ಮಿನಿ ಬಂದದ್ದು 2020ರ ನವೆಂಬರಿನಲ್ಲಿ. ಆಗ ಲೋಕವೆಲ್ಲ ಮನೆಯೊಳಗೆ ಕೂತಿತ್ತು. ಚಿಕ್ಕ ಫೋನಿನ ಬೆಲೆ ಗೊತ್ತಾಗುವುದು ಓಡಾಡುವಾಗ, ಒಂದು ಕೈ ಬೇರೆಲ್ಲೋ ಸಿಕ್ಕಿಕೊಂಡಿದ್ದಾಗ. ಸೋಫಾದ ಮೇಲೆ ಕೂತು ದಿನವಿಡೀ ವಿಡಿಯೊ ನೋಡುವಾಗ ಅಲ್ಲ. ಅದಕ್ಕೂ ಮೊದಲು, ಅದೇ ವರ್ಷದ ಏಪ್ರಿಲಿನಲ್ಲಿ ಹೊಸ ಐಫೋನ್ ಎಸ್ಇ ಬಂದಿತ್ತು. ಬೆಲೆ ಎಷ್ಟೋ ಕಡಿಮೆ. ಚಿಕ್ಕದು ಬೇಕು ಅಂತ ಕಾಯುತ್ತಿದ್ದವರಲ್ಲಿ ಅನೇಕರು ಅದನ್ನು ಕೊಂಡು ಕೂತಿದ್ದರು ಅನ್ನುವುದು ನನ್ನ ಅಂದಾಜು. ತಮಾಷೆ ಅಂದರೆ ಮಿನಿ ಆ ಎಸ್ಇಗಿಂತಲೂ ಚಿಕ್ಕದು. ಎಸ್ಇ 67.3 ಮಿಲಿಮೀಟರ್ ಅಗಲ, ಮಿನಿ 64.2. ಆದರೆ ಸ್ಕ್ರೀನು ಎಸ್ಇಯಲ್ಲಿ 4.7 ಇಂಚು, ಮಿನಿಯಲ್ಲಿ 5.4. ಚೌಕಟ್ಟನ್ನು ಕರಗಿಸಿ ಸ್ಕ್ರೀನು ಮಾಡಿದ್ದರು. ನನ್ನ ಪ್ರಕಾರ ಅದು ಒಂದು ಅದ್ಭುತ ಕೆಲಸ.

2021ರಲ್ಲಿ 13 ಮಿನಿ ಬಂತು. 12 ಮಿನಿಗಿಂತ ಎರಡು ಗಂಟೆ ಜಾಸ್ತಿ ಬ್ಯಾಟರಿ. ತಪ್ಪು ತಿದ್ದಿಕೊಂಡ ಫೋನು ಅದು. ಆದರೆ ಮಾರಾಟ ನಿರೀಕ್ಷೆಯಷ್ಟು ಆಗಲಿಲ್ಲ, ಅದನ್ನು ನಾನು ಮುಚ್ಚಿಡುವುದಿಲ್ಲ. 2022ರ ಹೊಸ ಸಾಲಿನಲ್ಲಿ ಮಿನಿ ಕೈಬಿಟ್ಟರು. ಅದರ ಜಾಗಕ್ಕೆ 6.7 ಇಂಚಿನ ಪ್ಲಸ್ ತಂದರು. ಜನಕ್ಕೆ ದೊಡ್ಡದೇ ಬೇಕು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ ಅಂತ ಎಲ್ಲರೂ ಬರೆದರು.

ಆಮೇಲೆ ಏನಾಯಿತು ನೋಡಿ. ಆ ಪ್ಲಸ್ ಉಳಿದದ್ದು ಮೂರು ವರ್ಷ. 2025ರ ಐಫೋನ್ 17 ಸಾಲಿನಲ್ಲಿ ಪ್ಲಸ್ ಇಲ್ಲ, ಆ ಜಾಗಕ್ಕೆ ಏರ್ ಬಂದಿದೆ. ಮಿನಿ ಎರಡು ವರ್ಷ, ಪ್ಲಸ್ ಮೂರು ವರ್ಷ. ಪ್ಲಸ್ ಹೋದಾಗ ಜನಕ್ಕೆ ದೊಡ್ಡ ಫೋನು ಬೇಡ ಅಂತ ಯಾರೂ ಬರೆಯಲಿಲ್ಲ. ಒಂದು ದೊಡ್ಡ ಫೋನು ಸೋತರೆ ಆ ಮಾದರಿ ಸೋತ ಹಾಗೆ. ಒಂದು ಚಿಕ್ಕ ಫೋನು ಸೋತರೆ ಚಿಕ್ಕತನವೇ ಸೋತ ಹಾಗೆ. ಈ ಲೆಕ್ಕ ಸರಿಯಲ್ಲ. ನನಗೆ ಸಿಟ್ಟು ಬರುವುದು ಇಲ್ಲಿ.

ಆಂಡ್ರಾಯ್ಡ್ ಕಡೆಯೂ ಇದೇ ಹಾದಿ. ಏಸುಸ್‌ನ ಝೆನ್‌ಫೋನ್ 8, 9, 10 ಮೂರೂ 5.9 ಇಂಚಿನವು, ಮೂರರಲ್ಲೂ ಆಯಾ ವರ್ಷದ ಮೇಲ್ದರ್ಜೆ ಚಿಪ್ಪು. 2024ರಲ್ಲಿ ಬಂದ ಮುಂದಿನದರ ಹೆಸರು 11 ಅಲ್ಟ್ರಾ, ಸ್ಕ್ರೀನು 6.78 ಇಂಚು. 2022ರಲ್ಲಿ ಪೆಬಲ್ ಗಡಿಯಾರದ ಸ್ಥಾಪಕ ಎರಿಕ್ ಮಿಜಿಕೋವ್ಸ್ಕಿ, ಚಿಕ್ಕ ಆಂಡ್ರಾಯ್ಡ್ ಫೋನು ಮಾಡಿ ಅಂತ ಕಂಪನಿಗಳನ್ನು ಒತ್ತಾಯಿಸಲು ಜನರಿಂದ ಸಹಿ ಸಂಗ್ರಹಕ್ಕೇ ಇಳಿದರು. ಇನ್ನು ಆಪಲ್‌ನ ಎಸ್ಇ 2025ರ ಫೆಬ್ರವರಿಯಲ್ಲಿ ಹೋಯಿತು. ಅದರ ಜಾಗದ 16ಇ 6.1 ಇಂಚಿನದು.

ನಮ್ಮಂಥವರ ತಪ್ಪೂ ಒಂದಿದೆ. ಚಿಕ್ಕ ಫೋನು ಇಷ್ಟಪಡುವವರು ಕೊಂಡದ್ದನ್ನು ಬಿಡುವುದೇ ಇಲ್ಲ. ಬ್ಯಾಟರಿ ಬದಲಿಸಿಕೊಂಡು, ಗಾಜು ಬದಲಿಸಿಕೊಂಡು ಐದು ವರ್ಷ ಆರು ವರ್ಷ ಬಳಸುತ್ತೇವೆ. ವರ್ಷ ವರ್ಷ ಫೋನು ಮಾರಿ ಬದುಕುವ ಕಂಪನಿಗೆ ನಾವು ಲಾಭದ ಗಿರಾಕಿಗಳಲ್ಲ.

ಆದರೆ ಇದು ಇಷ್ಟಪಡುವವರ ವಿಷಯ ಮಾತ್ರ ಅಲ್ಲ. ಕೈಯ ಅಳತೆ ಎಲ್ಲರದ್ದೂ ಒಂದೇ ಅಲ್ಲವಲ್ಲ. ಸರಾಸರಿಯಲ್ಲಿ ಹೆಂಗಸರ ಕೈ ಗಂಡಸರ ಕೈಗಿಂತ ಚಿಕ್ಕದು. ಸಮಾಜಶಾಸ್ತ್ರಜ್ಞೆ ಝೆಯ್ನೆಪ್ ತುಫೆಕ್ಚಿ 2013ರಲ್ಲೇ ಇದನ್ನು ಬರೆದರು. ಇಸ್ತಾಂಬುಲ್‌ನ ಗೆಝಿ ಪಾರ್ಕಿನ ಪ್ರತಿಭಟನೆಯಲ್ಲಿ ಅಶ್ರುವಾಯು ಬಳಕೆಯನ್ನು ದಾಖಲಿಸಲು ಹೋದರೆ, ಒಂದು ಕೈಯಲ್ಲಿ ಫೋನು ಎತ್ತಿ ಹಿಡಿದು ಫೋಟೊ ತೆಗೆಯಲು ಅವರಿಗೆ ಆಗಲಿಲ್ಲ. ಅವತ್ತಿನ ಫೋನುಗಳೇ ಹಾಗಿದ್ದವು, ಇವತ್ತಿನವು ಇನ್ನೂ ದೊಡ್ಡವು.

ನಮ್ಮ ಅಮ್ಮನಿಗೆ ಬೆರಳ ಗೆಣ್ಣುಗಳಲ್ಲಿ ಸಂಧಿವಾತ. ಬೆಳಗಿನ ಹೊತ್ತು ಬೆರಳು ಪೂರ್ತಿ ಮಡಚುವುದಿಲ್ಲ. ಕಣ್ಣಿಗೆ ದೊಡ್ಡ ಅಕ್ಷರ ಬೇಕು, ಅದಕ್ಕೆ ದೊಡ್ಡ ಸ್ಕ್ರೀನ್ ಒಳ್ಳೆಯದು ಅಂತ ದೊಡ್ಡ ಫೋನೇ ಕೊಡಿಸಿದೆವು. ಒಂದು ವಾರ ನೋಡಿದೆ. ಅವರು ಫೋನನ್ನು ಕೈಯಲ್ಲಿ ಹಿಡಿಯುತ್ತಲೇ ಇರಲಿಲ್ಲ. ಮೇಜಿನ ಮೇಲೆ ಮಲಗಿಸಿ, ಬಗ್ಗಿ, ತೋರುಬೆರಳಿನಿಂದ ಒತ್ತುತ್ತಿದ್ದರು. ಯಾಕಮ್ಮ ಅಂತ ಕೇಳಿದರೆ, "ಭಾರ ಕಣೋ, ಕೈ ನೋಯುತ್ತೆ" ಅಂದರು. ಐಫೋನ್ 5 112 ಗ್ರಾಂ ಅಂದೆನಲ್ಲ. 2022ರ 14 ಪ್ರೊ ಮ್ಯಾಕ್ಸ್ 240 ಗ್ರಾಂ. ಎರಡು ಪಟ್ಟಿಗಿಂತ ಜಾಸ್ತಿ. ಚೆನ್ನಾಗಿರುವ ಕೈಗೆ ಅದು ಬರೀ ಅಂಕಿ. ನೋಯುವ ಬೆರಳಿಗೆ ಹಾಗಲ್ಲ. ಅಮ್ಮನಿಗೆ ದೊಡ್ಡ ಅಕ್ಷರವೂ ಬೇಕು, ಹಗುರವೂ ಬೇಕು. ಆ ಎರಡರ ನಡುವೆ ಆಯ್ಕೆ ಮಾಡುವ ಹಕ್ಕು ಅವರ ಕೈಯಲ್ಲಿ ಇರಬೇಕಿತ್ತು.

ದೊಡ್ಡ ಫೋನು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಎಷ್ಟೋ ಜನರಿಗೆ ಇರುವ ಒಂದೇ ಕಂಪ್ಯೂಟರು ಫೋನು. ಅದರಲ್ಲೇ ಓದುತ್ತಾರೆ, ಅದರಲ್ಲೇ ಅರ್ಜಿ ತುಂಬುತ್ತಾರೆ, ಪಾಠ ಕೇಳುತ್ತಾರೆ. ಅವರಿಗೆ ದೊಡ್ಡ ಸ್ಕ್ರೀನು ಬೇಕೇ ಬೇಕು. ನಾನು ಕೇಳುತ್ತಿರುವುದು ಒಂದು ಒಳ್ಳೆಯ ಚಿಕ್ಕ ಫೋನು. ಹತ್ತಾರು ದೊಡ್ಡವುಗಳ ಪಕ್ಕದಲ್ಲಿ ಒಂದು.

ಅದಕ್ಕೆ ಈಗ ಕಾಲವೂ ಕೂಡಿಬಂದಿದೆ. ಸಿಲಿಕಾನ್-ಕಾರ್ಬನ್ ಬ್ಯಾಟರಿ ಅಂತ ಬಂದಿದೆ. ಬ್ಯಾಟರಿಯ ಒಂದು ಪದರದಲ್ಲಿ ಬರೀ ಗ್ರಾಫೈಟ್ ಬದಲು ಸಿಲಿಕಾನ್ ಬೆರೆಸುತ್ತಾರೆ, ಅಷ್ಟೇ ಜಾಗದಲ್ಲಿ ಜಾಸ್ತಿ ಚಾರ್ಜ್ ಹಿಡಿಯುತ್ತದೆ. 2025ರ ಏಪ್ರಿಲಿನಲ್ಲಿ ಚೀನಾದಲ್ಲಿ ಬಂದ ಒನ್‌ಪ್ಲಸ್ 13ಟಿ 6.32 ಇಂಚಿನ ಫೋನು, ಬ್ಯಾಟರಿ 6,260 ಎಂಎಎಚ್. ಕೆಲವು ವರ್ಷದ ಹಿಂದೆ ಅತಿ ದೊಡ್ಡ ಫೋನುಗಳಲ್ಲೂ ಅಷ್ಟು ಇರುವುದು ಅಪರೂಪವಾಗಿತ್ತು. ಮನೆಯ ಹಾಲ್ ಚಿಕ್ಕದಾಗುತ್ತದೆ ಅನ್ನುತ್ತಿದ್ದೆನಲ್ಲ, ಈಗ ಚಿಕ್ಕ ಹಾಲ್‌ನಲ್ಲೇ ಜಾಸ್ತಿ ಜನ ಕೂರಬಹುದು. ಇದೇ ಬ್ಯಾಟರಿಯನ್ನು 64 ಮಿಲಿಮೀಟರ್ ಅಗಲದ ಫೋನಿಗೆ ಹಾಕಿ ನೋಡಿ ಅನ್ನುವುದು ನನ್ನ ಬೇಡಿಕೆ. ಹಳೆಯ ಸೋಲಿನ ಲೆಕ್ಕ ಹಳೆಯ ಬ್ಯಾಟರಿಯದು.

ಬೇಸರದ ಸಂಗತಿ ಅಂದರೆ 6.3 ಇಂಚನ್ನೇ ಈಗ ಚಿಕ್ಕದು ಅನ್ನುತ್ತಿದ್ದಾರೆ. ವಿವೋದ 6.31 ಇಂಚಿನ ಫೋನಿಗೆ ಹೆಸರೇ ಎಕ್ಸ್200 ಪ್ರೊ ಮಿನಿ. ಫೋನಿನ ಜೊತೆ ಮಾತೂ ಹಿಗ್ಗಿದೆ.

ಪ್ರಶ್ನೆಗಳಿಗೆ ಬರೋಣ.

ಮೊದಲು ಕೇಳಿದ್ದು ಒಬ್ಬ ಹುಡುಗ. "ಸರ್, ಮಡಚುವ ಫೋನು ಇದೆಯಲ್ಲ, ಜೇಬಿಗೆ ಚಿಕ್ಕದು, ಬಿಡಿಸಿದರೆ ದೊಡ್ಡದು. ಅದರಲ್ಲೇ ಎಲ್ಲ ಮುಗಿಯಲಿಲ್ವಾ?" ಒಳ್ಳೆಯ ಪ್ರಶ್ನೆ. 2020ರ ಗ್ಯಾಲಕ್ಸಿ ಝಡ್ ಫ್ಲಿಪ್ ನೋಡಿ. ಮಡಚಿದರೆ ಅಂಗೈಯಷ್ಟೇ. ಬಿಡಿಸಿದರೆ 6.7 ಇಂಚು. ಜೇಬಿನ ಕಷ್ಟ ತೀರಿತು. ಕೈಯ ಕಷ್ಟ ಹಾಗೇ ಇದೆ, ಬಿಡಿಸುವುದಕ್ಕೂ ಸಲೀಸಾಗಿ ಎರಡು ಕೈ ಬೇಕು. ಈಗಿನ ತೆಳು ಫೋನುಗಳೂ ಹೀಗೇ. ಐಫೋನ್ ಏರ್ 5.6 ಮಿಲಿಮೀಟರ್ ದಪ್ಪ, ಹಗುರವೂ ಹೌದು, ಆದರೆ ಸ್ಕ್ರೀನು 6.5 ಇಂಚು. ಹೆಬ್ಬೆರಳು ದಪ್ಪವನ್ನು ದಾಟಬೇಕಾಗಿಲ್ಲ, ಅಗಲವನ್ನು ದಾಟಬೇಕು.

ಇನ್ನೊಬ್ಬರು ಕೇಳಿದರು, ಕೊಳ್ಳುವಾಗ ಏನು ನೋಡಬೇಕು ಅಂತ. ಇಂಚು ನೋಡಬೇಡಿ. ಇಂಚು ಅನ್ನುವುದು ಮೂಲೆಯಿಂದ ಮೂಲೆಗೆ ಅಳೆದದ್ದು. ಹಿಂದೆ ಸ್ಕ್ರೀನು 16ಕ್ಕೆ 9ರ ಲೆಕ್ಕದಲ್ಲಿತ್ತು. ಈಗ 20ಕ್ಕೆ 9ರ ಹತ್ತಿರ ಬಂದಿದೆ, ಉದ್ದ ಜಾಸ್ತಿ, ಅಗಲ ಕಡಿಮೆ. ಅದಕ್ಕೇ ಹಳೆಯ 5.5 ಇಂಚಿನ ಫೋನು ಈಗಿನ 6.1 ಇಂಚಿನದಕ್ಕಿಂತ ಅಗಲವಾಗಿರಬಹುದು. ವಿವರಗಳ ಪಟ್ಟಿಯಲ್ಲಿ ಕೆಳಗೆಲ್ಲೋ ಅಗಲ ಎಷ್ಟು ಮಿಲಿಮೀಟರ್, ತೂಕ ಎಷ್ಟು ಗ್ರಾಂ ಅಂತ ಬರೆದಿರುತ್ತಾರೆ. ಆ ಎರಡು ನೋಡಿ. ಅಂಗಡಿಗೆ ಹೋದರೆ ಒಂದು ಕೈ ಬೆನ್ನ ಹಿಂದೆ ಇಟ್ಟುಕೊಂಡು ಐದು ನಿಮಿಷ ಬಳಸಿ ನೋಡಿ.

ಮಾತು ಮುಗಿದ ಮೇಲೆ ಮಹಿಳೆಯೊಬ್ಬರು ವೇದಿಕೆಯ ಹತ್ತಿರ ಬಂದರು. ಅರವತ್ತರ ಆಸುಪಾಸಿನವರು. ಕೈಚೀಲದಿಂದ ಒಂದು ಫೋನು ತೆಗೆದು ನನ್ನ ಅಂಗೈ ಮೇಲೆ ಇಟ್ಟರು. 2016ರ ಮೊದಲ ಐಫೋನ್ ಎಸ್ಇ. ನಾಲ್ಕು ಇಂಚು, 113 ಗ್ರಾಂ. ಅಂಚಿನ ಬಣ್ಣ ಸವೆದು ಲೋಹ ಬೆಳ್ಳಗೆ ಕಾಣುತ್ತಿತ್ತು. ಎರಡು ಸಲ ಬ್ಯಾಟರಿ ಹಾಕಿಸಿದ್ದಾರಂತೆ. ಆ ಫೋನಿಗೆ ಹೊಸ ತಂತ್ರಾಂಶ ಐಒಎಸ್ 15ಕ್ಕೇ ನಿಂತಿದೆ.

"ಬ್ಯಾಂಕಿನ ಆಪ್ ಇದರಲ್ಲಿ ಇನ್ಮೇಲೆ ಬರಲ್ಲ ಅಂತಿದೆ. ಇದಕ್ಕೆ ಸಮನಾದ್ದು ಈಗ ಯಾವುದು ಸಿಗುತ್ತೆ, ಸ್ವಲ್ಪ ಹೇಳಿ" ಅಂದರು.

ಹೆಬ್ಬೆರಳು ಎದುರು ಮೂಲೆಗೆ ಚಾಚಿದೆ. ಸಲೀಸಾಗಿ ಮುಟ್ಟಿತು. ಕಿರುಬೆರಳು ಉಳಿದ ಬೆರಳುಗಳ ಜೊತೆ ಪಕ್ಕದಲ್ಲೇ ಇತ್ತು.

"ಇಲ್ಲ ಮೇಡಂ" ಅಂದೆ. "ಈಗ ಯಾರೂ ಮಾಡ್ತಾ ಇಲ್ಲ."